ಒಂದೇ ಎಳೆಯ ಬಟ್ಟಲು

ಅತ್ತೆ ಹನ್ನೊಂದನೆಯ ಏಪ್ರನ್ನಿನ ಪಟ್ಟಿಯನ್ನು ಹೆಣಿಗೆ ಕಡ್ಡಿಯಿಂದ ತಳ್ಳಿ ಒಳಮೈ ಹೊರಬರುವಂತೆ ಮಗುಚುತ್ತಿದ್ದಾಗ ಸೊಸೆ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದಳು.

"ಅತ್ತೆ, ಏಳಿ ಸಾಕು. ಒಂದು ಗಂಟೆಗೆ ಊಟಕ್ಕೆ ಬನ್ನಿ ಅಂದಿದಾರೆ ಹೋಟೆಲಿನೋರು."

"ಇನ್ನೊಂದಿದೆ ಕಣೆ. ಹನ್ನೆರಡು ಅಂತ ಒಪ್ಪಿಕೊಂಡು ಹನ್ನೊಂದು ತಗೊಂಡು ಹೋಗಿ ಅವರ ಮನೇಲಿ ಉಣ್ಣೋಕಾಗತ್ತಾ?"

"ಹುಟ್ಟಿದ ದಿನವಾದ್ರೂ ಆ ಮಿಷನ್ನಿಗೆ ಉಸಿರು ಬಿಡೋಕೆ ಬಿಡಿ."

ಬೀದಿಯವರ ಬಾಯಲ್ಲಿ ಅತ್ತೆಯ ಹೆಸರು ಕತ್ತರಿ ಅಕ್ಕ. ದಾರ ಕತ್ತರಿಸುವ ಪುಟ್ಟ ಕತ್ತರಿಯೊಂದು ಲಾಡಿಯಲ್ಲಿ ಪೋಣಿಸಿಕೊಂಡು ಸದಾ ಅವಳ ಕೊರಳಲ್ಲಿ ತೂಗುತ್ತಿರುತ್ತಿತ್ತು. ಸ್ನಾನಕ್ಕೆ ಬಿಟ್ಟರೆ ತೆಗೆದದ್ದಿಲ್ಲ. ಕಣ್ಣೆದುರು ಏನು ಜೋತಾಡಿದರೂ ಸರಿ, ದಾರವೋ, ಚೀಲದ ಹುರಿಯೋ, ಪಕ್ಕದ ಮನೆಯಾಕೆಯ ತೋಳಿನ ನೂಲೋ, ಮನಸ್ಸಿಗೆ ತಿಳಿಯುವ ಮೊದಲೇ ಕೈ ಕಚಕ್ಕೆಂದಿರುತ್ತಿತ್ತು. ಮಾತೂ ಹಾಗೆಯೇ. ಎಳೆದಾಟ ಅವಳಿಗೆ ಆಗದು.

ಕೊನೆಯ ಪಟ್ಟಿಗೆ ಗುಂಡಿ ಹುಡುಕಲು ಮಿಷನ್ನಿನ ಖಾನೆ ಎಳೆದಳು. ಗುಂಡಿಗಳ ಕೆಳಗೆ ಆ ಲಕೋಟೆ ಕಂಡಿತು. ಅಂಟಿಸಿ, ಅಂಚೆಚೀಟಿ ಹಚ್ಚಿ, ವಿಳಾಸ ಬರೆದು ಮೂರು ತಿಂಗಳಾಗಿತ್ತು. ಗುಂಡಿ ತೆಗೆದುಕೊಂಡು ಖಾನೆಯನ್ನು ಮೊಣಕಾಲಿನಿಂದ ತಳ್ಳಿ ಮುಚ್ಚಿದಳು.

ಅದು ತಂಗಿಗೆ ಬರೆದ ಉತ್ತರ. ತಂಗಿ ಎಂದರೆ ಹತ್ತು ನಿಮಿಷಕ್ಕೆ ತಂಗಿ. ಇಬ್ಬರೂ ಅವಳಿಗಳು, ಒಂದೇ ಮಿಷನ್ನಿನಲ್ಲಿ ಹೊಲಿಗೆ ಕಲಿತವರು. ಹನ್ನೆರಡು ವರ್ಷದ ಕೆಳಗೆ ಅಮ್ಮ ಹೋದಾಗ ಅಮ್ಮನ ಉಣ್ಣೆ ಶಾಲು ಯಾರಿಗೆ ಎಂದು ಇಬ್ಬರಿಗೂ ಮಾತು ಬೆಳೆಯಿತು. ಕತ್ತರಿ ಅಕ್ಕ ಶಾಲನ್ನು ಮೇಜಿನ ಮೇಲೆ ಹಾಸಿ, ಅಳತೆ ಪಟ್ಟಿ ಇಟ್ಟು, ನೂಲೆಳೆಯಷ್ಟೂ ಹೆಚ್ಚು ಕಡಿಮೆಯಾಗದಂತೆ ಎರಡು ಮಾಡಿದಳು. ಒಂದು ತುಂಡನ್ನು ಅಂಚೆಯಲ್ಲಿ ಕಳಿಸಿದಳು. ಜೊತೆಗೆ ಒಂದಕ್ಷರವೂ ಇಲ್ಲ. ಅಂದಿನಿಂದ ಎರಡು ಮನೆಗೂ ಮಾತಿಲ್ಲ, ಕತೆಯಿಲ್ಲ.

ಮೂರು ತಿಂಗಳ ಹಿಂದೆ ತಂಗಿಯದೇ ಕಾಗದ ಬಂತು. ಸಾಲುಗಳು ಇಳಿಜಾರು ಹಿಡಿದಿದ್ದವು. "ಅಕ್ಕಾ, ಕಣ್ಣು ಮಬ್ಬಾಗುತ್ತಾ ಇದೆ. ವರ್ಷ ಕಳೆಯುವುದರೊಳಗೆ ಮುಖಗಳು ಕಾಣದೆ ಹೋಗಬಹುದು ಎನ್ನುತ್ತಾರೆ ಡಾಕ್ಟರು. ಅಷ್ಟರೊಳಗೆ ನಿನ್ನ ಮುಖ ನೋಡಬೇಕು. ಫೋನು ಮಾಡಿದರೆ ನಡುವೆಯೇ ಕತ್ತರಿಸುತ್ತೀಯ, ಅದಕ್ಕೆ ಬರೆದಿದ್ದೇನೆ. ಬಾ ಎಂದು ನೀನು ಬರೆದರೆ ಬರುತ್ತೇನೆ. ಕರೆಯದೆ ಬರಲಾರೆ."

ಅವಳು ಉತ್ತರವನ್ನು ಮೂರನೆಯ ದಿನವೇ ಬರೆದಿದ್ದಳು. "ಬಾ. ಆದರೆ ಶಾಲಿನ ಮಾತು ಎತ್ತಬೇಡ." ಬರೆದು ಅಂಟಿಸಿದ ಮೇಲೆ ಕೈ ಮುಂದೆ ಹೋಗಲಿಲ್ಲ. ಕರೆದೂ ಬಾಗಿಲಿಗೆ ಚಿಲಕ ಹಾಕಿದ ಹಾಗಿದೆ ಎಂದು ಅವಳಿಗೇ ಅನ್ನಿಸಿತು. ಬೇರೆ ಬರೆಯಲು ಬಿಗುಮಾನ ಬಿಡಲಿಲ್ಲ.

ಆ ಚೀನೀ ಹೋಟೆಲು ಎರಡು ಬೀದಿ ದಾಟಿದರೆ ಸಿಗುತ್ತಿತ್ತು. ಆರೇ ಮೇಜು. ಗಾಜಿನಾಚೆ ಹೋಟೆಲಿನಾಕೆಯ ಗಂಡ ಹಿಟ್ಟಿನ ದಿಂಡನ್ನು ತೋಳ ಮೇಲೆ ಮಗುವಿನಂತೆ ಮಲಗಿಸಿಕೊಂಡು, ಬಾಗಿದ ತಗಡಿನ ಚಾಕುವಿನಿಂದ ಕುದಿಯುವ ನೀರಿಗೆ ನೂಡಲ್ಸನ್ನು ಸರಸರನೆ ಹೆರೆದು ಹಾರಿಸುತ್ತಿದ್ದ. ಮೇಜು ಮೇಜಿಗೂ ಕಪ್ಪು ವಿನೆಗರಿನ ಕೂಜ ಇತ್ತು.

ಸೊಸೆ ಊಟದ ಪಟ್ಟಿಯನ್ನು ಹಿಂದು ಮುಂದು ತಿರುಗಿಸಿದಳು. "ಫ್ರೈಡ್ ರೈಸ್ ಕಾಣ್ತಾನೇ ಇಲ್ವಲ್ಲ?"

"ಅನ್ನ ದಕ್ಷಿಣದೋರದು," ಎಂದಳು ಹೋಟೆಲಿನಾಕೆ, ಏಪ್ರನ್ನುಗಳನ್ನು ಎದೆಗವಚಿಕೊಂಡು. ಈ ಊರಿಗೆ ಬಂದು ಇಪ್ಪತ್ತು ವರ್ಷವಾದ ಅವಳ ಮಾತು ಚುಟುಕು, ನಗು ಅಗಲ. "ನಾವು ಉತ್ತರದ ಶಾನ್ಷಿಯೋರು. ಗೋಧಿ, ವಿನೆಗರು, ಇಷ್ಟೇ. ಚೀನಾಕ್ಕೆಲ್ಲ ಒಂದೇ ಒಲೆ ಅನ್ಕೊಂಡ್ಯಾ ಹುಡುಗಿ?"

"ಬೇಕಿತ್ತಾ ನಿಂಗೆ?" ಎಂದು ಕತ್ತರಿ ಅಕ್ಕ ಸೊಸೆಯನ್ನು ಛೇಡಿಸಿದಳು.

ಮೊದಲು ಬೆಳ್ಳುಳ್ಳಿ ಜಜ್ಜಿ ಹಾಕಿದ ಸೌತೆಕಾಯಿ ಬಂತು. ಆಮೇಲೆ ಬದನೆಕಾಯಿ, ಮೆತ್ತಗೆ, ಹೊಳೆಹೊಳೆಯುತ್ತಾ. ವಿನೆಗರು ತಾಗಿದ್ದೇ ಕತ್ತರಿ ಅಕ್ಕನ ಒಂದು ಕಣ್ಣು ತಾನಾಗಿ ಮುಚ್ಚಿತು, ನಾಲಿಗೆ ಮಾತ್ರ ಇನ್ನಷ್ಟು ಕೇಳಿತು. ಊಟದ ಕಡ್ಡಿಗಳನ್ನು ಅವಳು ಹೆಣಿಗೆ ಕಡ್ಡಿಯಂತೆ ಸಲೀಸಾಗಿ ಹಿಡಿದಳು. ಸೊಸೆಯ ಬದನೆಕಾಯಿ ಮೂರು ಸಲ ಮಡಿಲಿಗೆ ಬಿತ್ತು.

"ಅತ್ತೆ, ನನಗೂ ಒಂದು ಏಪ್ರನ್ ಹೊಲೀಬೇಕಿತ್ತು ನೀವು."

ಕೊನೆಗೆ ಹೋಟೆಲಿನಾಕೆ ಎರಡೂ ಕೈಯಲ್ಲಿ ದೊಡ್ಡ ಬಟ್ಟಲು ಹಿಡಿದು ತಂದಳು. "ನಿನ್ನ ಸೊಸೆ ಹೇಳಿದ್ಳು, ಇವತ್ತು ಹುಟ್ಟಿದ ದಿನ ಅಂತ. ಇದು ಅದಕ್ಕೇ ಮಾಡೋದು. ತಿನ್ನು, ತಿನ್ನು," ಎಂದು ಅಷ್ಟರಲ್ಲೇ ಯಾರೋ ಕರೆದರೆಂದು ಅರ್ಧ ತಿರುಗಿದಳು.

ಕತ್ತರಿ ಅಕ್ಕ ಕಡ್ಡಿಯಲ್ಲಿ ನೂಡಲ್ಸನ್ನು ಎತ್ತಿದಳು. ಅದು ಬಂತು, ಬಂತು, ಬರುತ್ತಲೇ ಇತ್ತು. ಕೈ ತಲೆಯ ಮಟ್ಟಕ್ಕೆ ಹೋದರೂ ತುದಿ ಕಾಣದು. ಎದುರಿಗೆ ಜೋತಾಡುವ ಎಳೆ. ಎಡಗೈ ಕೊರಳಿಗೆ ಹೋಯಿತು.

ಕಚಕ್.

ಹೋಟೆಲಿನಾಕೆ ತಿರುಗಿದವಳು ಹಾಗೇ ನಿಂತಳು. ಅಗಲ ನಗು ಮುದುಡಿತು.

"ಅಯ್ಯೋ ಅತ್ತೆ!" ಎಂದಳು ಸೊಸೆ.

"ಅದು ಒಂದೇ ಎಳೆ," ಎಂದಳು ಹೋಟೆಲಿನಾಕೆ ಮೆಲ್ಲಗೆ. "ಇಡೀ ಬಟ್ಟಲಿಗೆ ಒಂದೇ. ಆಯುಷ್ಯ ಉದ್ದ ಇರ್ಲಿ ಅಂತ. ಹುಟ್ಟಿದ ದಿನದೋರು ಅದನ್ನ ತುಂಡು ಮಾಡಲ್ಲ, ಬಾಯಿಂದ ಎಳ್ಕೊಂಡು ತಿಂತಾರೆ."

ಕತ್ತರಿ ಅಕ್ಕ ಬಗ್ಗಿ ನೋಡಿದಳು. ಬಟ್ಟಲಲ್ಲಿ ಎರಡು ತುದಿಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ತೇಲುತ್ತಿದ್ದವು. ತನ್ನ ಆಯುಷ್ಯದ ಯೋಚನೆ ಅವಳಿಗೆ ಬರಲಿಲ್ಲ.

"ಇವತ್ತು ಹುಟ್ಟಿದ್ದು ನಾನೊಬ್ಳೇ ಅಲ್ಲ," ಎಂದಳು. "ನನ್ನ ತಂಗೀನೂ."

ಸೊಸೆ ತಲೆ ಎತ್ತಿದಳು. ಹನ್ನೆರಡು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಆ ಪದ ಅವಳು ಕೇಳಿರಲಿಲ್ಲ.

ಹೋಟೆಲಿನಾಕೆ ಕತ್ತರಿ ಅಕ್ಕನ ಮುಂದಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಏಳು. ಒಳಗೆ ಬಾ. ಇನ್ನೊಂದು ಮಾಡೋಣ."

ಅಡುಗೆಮನೆಯಲ್ಲಿ ಅಗಲ ಬೋಗುಣಿಯೊಳಗೆ ಬೆರಳು ದಪ್ಪದ ಹಿಟ್ಟು ಹಗ್ಗದಂತೆ ಸುರುಳಿ ಸುತ್ತಿ ಎಣ್ಣೆ ಹಚ್ಚಿಸಿಕೊಂಡು ಕೂತಿತ್ತು. ಗಂಡ ತುದಿ ಹಿಡಿದು ಎಳೆದು, ತೆಳ್ಳಗೆ ಮಾಡಿ, ಕುದಿನೀರಿಗೆ ಎಸೆಯತೊಡಗಿದ. ನೂಲು ತೆಗೆಯುವವನ ಕೈ ಅದು. ಕತ್ತರಿ ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಅರ್ಧಕ್ಕೆ ಬಂದಾಗ ಎಳೆ ಪಟ್ಟನೆ ಕಿತ್ತುಹೋಯಿತು.

"ಈಗ ನಾನೇನೂ ಮಾಡಲಿಲ್ಲಪ್ಪ!" ಎಂದು ಅವಳು ಕೈ ಎತ್ತಿದಳು.

ಗಂಡ ನಕ್ಕು, ಎರಡು ತುದಿಯ ಎಣ್ಣೆ ಒರೆಸಿ, ನೀರಲ್ಲಿ ಬೆರಳದ್ದಿ, ಒಂದರ ಮೇಲೊಂದು ಇಟ್ಟು ಹಿಸುಕಿದ. ಮತ್ತೆ ಎಳೆಯತೊಡಗಿದ.

"ಅದು ಆಗತ್ತಾ?"

"ಹಿಟ್ಟು ಹಸಿ ಇರೋವಾಗ ಆಗತ್ತೆ," ಎಂದಳು ಹೋಟೆಲಿನಾಕೆ. "ಬೆಂದ ಮೇಲೆ ನೀನು ತಲೆಕೆಳಗಾದ್ರೂ ಆಗಲ್ಲ."

"ಗುರುತು ಉಳಿಯಲ್ವಾ?"

"ಉಳಿಯತ್ತೆ. ಹಲ್ಲಿಗೆ ಸಿಗತ್ತೆ, ಸ್ವಲ್ಪ ದಪ್ಪ. ಅದಕ್ಕೇನೀಗ?"

ಈ ಸಲ ಕತ್ತರಿ ಅಕ್ಕ ಮೇಜಿಗೆ ಕೂರುವ ಮೊದಲೇ ಕೊರಳಿನ ಕತ್ತರಿ ತೆಗೆದು ಸೊಸೆಯ ಕೈಗೆ ಕೊಟ್ಟಳು. ಮುಖವನ್ನು ಬಟ್ಟಲಿಗೆ ಇಳಿಸಿ ಸುರ್ರೆಂದು ಎಳೆದುಕೊಂಡಳು. ಮೂಗಿಗೂ ಗಲ್ಲಕ್ಕೂ ಸಾರು ಸಿಡಿಯಿತು. ನಡುವೆ ಎಲ್ಲೋ ಆ ದಪ್ಪ ಗಂಟು ಹಲ್ಲಿಗೆ ಸಿಕ್ಕಿತು. ಅವಳು ಅದನ್ನು ನಿಧಾನವಾಗಿ ಅಗಿದಳು. ಕಣ್ಣು ತುಂಬಿ ಬಂತು.

"ವಿನೆಗರು ಜಾಸ್ತಿ ಆಯ್ತಾ ಅತ್ತೆ?"

"ಹೂಂ ಕಣೆ. ವಿನೆಗರೇ."

ಮನೆಗೆ ಬಂದದ್ದೇ ಚಪ್ಪಲಿಯನ್ನೂ ಬಿಡದೆ ಖಾನೆ ಎಳೆದಳು. ಸೊಸೆಯಿಂದ ಕತ್ತರಿ ಇಸಿದುಕೊಂಡು ಲಕೋಟೆಯ ಅಂಚು ಕತ್ತರಿಸಿ ಕಾಗದ ಹೊರತೆಗೆದಳು. ಮೊದಲ ಸಾಲಿನಲ್ಲಿ "ಬಾ." ಎರಡನೆಯದು ಶಾಲಿನ ಸಾಲು. ಅದನ್ನು ಕೆಳಗಿನಿಂದ ಪಟ್ಟಿಯಾಗಿ ಕತ್ತರಿಸಿ ಚಿಂದಿ ಬುಟ್ಟಿಗೆ ಹಾಕಿದಳು. ಉಳಿದ ಕಾಗದದ ಬೆನ್ನಿಗೆ, ತಂಗಿಯ ಕಣ್ಣಿಗೆ ಕಾಣಲೆಂದು, ದೊಡ್ಡ ಅಕ್ಷರದಲ್ಲಿ ಬರೆದಳು: "ಅವತ್ತು ಕತ್ತರಿಸಿದ್ದು ನನ್ನ ತಪ್ಪು. ಬರುವಾಗ ನಿನ್ನ ಅರ್ಧ ತೆಗೆದುಕೊಂಡು ಬಾ. ಇಬ್ಬರೂ ಕೂತು ಜೋಡಿಸೋಣ. ಹೊಲಿಗೆಯ ಗೀಟು ಕಾಣುತ್ತೆ, ಕಾಣಲಿ."

ಮನೆಯಲ್ಲಿ ಬೇರೆ ಲಕೋಟೆ ಇರಲಿಲ್ಲ. ಅಂಟೂ ಒಣಗಿತ್ತು. ಅವಳು ಸೂಜಿಗೆ ದಾರ ಪೋಣಿಸಿ, ಕತ್ತರಿಸಿದ ಅಂಚನ್ನು ಸಾಲಾಗಿ ಕೈಹೊಲಿಗೆ ಹಾಕಿ ಮುಚ್ಚಿದಳು.

ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತೆ ಲಕೋಟೆಯನ್ನು ಬೆಳಕಿಗೆ ಹಿಡಿದು ಕನ್ನಡಕ ಏರಿಸಿದಳು.

"ಇದೇನಕ್ಕಾ, ಕಾಗದಕ್ಕೂ ಹೊಲಿಗೆ ಹಾಕಿದೀರಿ? ಅವರು ಬಿಚ್ಚೋದು ಹೇಗೆ?"

"ಅವಳೂ ಹೊಲಿಗೆಯೋಳೇ ತಾಯಿ. ಕಣ್ಣು ಸ್ವಲ್ಪ ಮಂದ, ಆದ್ರೆ ಬೆರಳು ಸರಿಯಾಗಿವೆ. ಈ ಹೊಲಿಗೆ ಯಾರದು ಅಂತ ಮುಟ್ಟಿದ್ರೇ ಗೊತ್ತಾಗತ್ತೆ ಅವಳಿಗೆ."

ಗುಮಾಸ್ತೆ ಮುದ್ರೆ ಒತ್ತಿ ಲಕೋಟೆಯನ್ನು ನಾಲ್ಕು ಗಂಟೆಯ ಚೀಲಕ್ಕೆ ಹಾಕಿದಳು.