ಬಣ್ಣ ಹಾಕಿದ ಮೇಲೆ

ಕೋಶಗಳಿಗೆ ಬಣ್ಣ ಹಾಕಿದ ಮೇಲೆ ಐದು ನಿಮಿಷದೊಳಗೆ ಎಣಿಸಿ ಮುಗಿಸಬೇಕು. ಹದಿನಾರು ವರ್ಷದಿಂದ ಲ್ಯಾಬಿಗೆ ಬಂದವರಿಗೆಲ್ಲ ಇದನ್ನು ಬೈದು ಬೈದು ಕಲಿಸಿದವಳು ನಾನು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬೆಳ್ಳಗೇ ಉಳಿಯುತ್ತದೆ. ತಡ ಮಾಡಿದರೆ ಬದುಕಿದ್ದೂ ಬಣ್ಣ ಕುಡಿದು ಸಾಯುತ್ತದೆ; ಆಮೇಲೆ ಯಾವುದು ಮೊದಲೇ ಸತ್ತಿತ್ತು, ಯಾವುದನ್ನು ನಾವು ಕೊಂದೆವು, ಬ್ರಹ್ಮನಿಗೂ ಗೊತ್ತಾಗುವುದಿಲ್ಲ. "ಬಣ್ಣ ಹಾಕಿದ್ಮೇಲೆ ಮನೆಗೆ ಬೆಂಕಿ ಬಿದ್ರೂ ಏಳಬಾರ್ದು" ಎನ್ನುತ್ತಿದ್ದೆ. ಲ್ಯಾಬಿನವರು ನನಗೆ ಸಿಡಿಮದ್ದು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅಕ್ಕನಿಗೆ ರಕ್ತದ ಕ್ಯಾನ್ಸರ್. ನನ್ನ ಸಂಶೋಧನೆಯೂ ಅದರ ಚಿಕಿತ್ಸೆಯದ್ದೇ: ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಹೆಪ್ಪುಗಟ್ಟಿಸಿಟ್ಟು ಕರಗಿಸಿದರೆ ಎಷ್ಟು ಬದುಕಿರುತ್ತವೆ ಎಂಬುದು. ಅವಳಿಗೆ ಹೊಂದಿದ್ದು ನನ್ನ ಕೋಶಗಳೇ. ತೆಗೆಸಿಕೊಂಡು, ಕೈಯಾರೆ ಚೀಲದಲ್ಲಿ ಹೆಪ್ಪುಗಟ್ಟಿಸಿಟ್ಟೆ. ಪರೀಕ್ಷೆಗೆಂದು ಅದರದೇ ಒಂದು ಪುಟ್ಟ ಕೊಳವೆಯನ್ನೂ ಇಟ್ಟೆ. ಆ ಕೊಳವೆಯನ್ನು ಕರಗಿಸಿ ನೋಡಿದ ಮೇಲಷ್ಟೇ ರೋಗಿಗೆ ಕಡುಔಷಧಿ ಶುರು ಮಾಡಬೇಕು. ಆ ಔಷಧಿ ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಗುಡಿಸಿ ಹಾಕುತ್ತದೆ, ಆಮೇಲೆ ಚೀಲ ಬಿಟ್ಟರೆ ಬೇರೆ ಗತಿಯಿಲ್ಲ. ವಾರ್ಡಿನಲ್ಲಿ ದಿಢೀರನೆ ಹಾಸಿಗೆ ಖಾಲಿಯಾಯಿತು, ಅವತ್ತೇ ಅಕ್ಕನನ್ನು ಸೇರಿಸಬೇಕಾಯಿತು. "ಕೊಳವೆ ನೋಡಿದ್ರಾ?" ಎಂದರು ಡಾಕ್ಟರು. "ನಾನೇ ಇಟ್ಟಿದ್ದಲ್ವಾ, ಶುರು ಮಾಡಿ" ಎಂದೆ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ.

ಔಷಧಿ ಶುರುವಾದ ಆರನೆಯ ದಿನ, ಚೀಲ ಕೊಡುವ ಮುನ್ನಾದಿನ, ಕಡತಕ್ಕೆ ಸಂಖ್ಯೆ ಬೇಕೆಂದು ಕೊಳವೆ ಕರಗಿಸಿದೆ. ಒಂದು ತೊಟ್ಟಿಗೆ ಬಣ್ಣ ಹಾಕಿದೆ. ಫೋನ್ ಬಂತು. ಅಕ್ಕ.

"ಏನೇ, ನಿನ್ನ ರಕ್ತ ಬಂದ್ರೆ ನಿನ್ನ ಕೋಪಾನೂ ಬರುತ್ತಾ? ಹಂಗಿದ್ರೆ ನಂಗೆ ಬೇಡ ಕಣೆ."

ಬಾಯೆಲ್ಲ ಹುಣ್ಣಾಗಿ ಮೂರು ದಿನದಿಂದ ಅವಳು ಮಾತೇ ಆಡಿರಲಿಲ್ಲ. ಆ ದನಿ ಕೇಳಿ ಹೋದ ಜೀವ ಬಂದಂತಾಯಿತು, ಫೋನ್ ಇಡಲಾಗಲಿಲ್ಲ. ತಲೆ ಬೋಳಾದ ಮೇಲೆ ಥೇಟ್ ಅಪ್ಪನ ಹಾಗೇ ಕಾಣುತ್ತೇನೆ ಎಂದಳು. ಇಬ್ಬರೂ ನಕ್ಕೆವು, ಆಮೇಲೆ ಅವಳು ಅತ್ತಳು. ಫೋನ್ ಇಟ್ಟು ಗಡಿಯಾರ ನೋಡಿದರೆ ಹದಿನೆಂಟು ನಿಮಿಷ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಬರೀ ನೀಲಿ, ನೂರಕ್ಕೆ ಎಪ್ಪತ್ತು. ಕೊಳವೆಯಲ್ಲಿ ಉಳಿದದ್ದನ್ನು ನೋಡೋಣವೆಂದರೆ, ಚಳಿಯಲ್ಲಿ ಕೋಶಗಳನ್ನು ಕಾಯುವ ದ್ರವವೇ ಬೆಚ್ಚಗಾದರೆ ವಿಷ. ಅದೂ ಅಷ್ಟು ಹೊತ್ತು ಮೇಜಿನ ಮೇಲೇ ಇತ್ತು. ಚೀಲದಲ್ಲಿದ್ದವೂ ಹೀಗೇ ಸತ್ತಿದ್ದವೋ, ತಡ ಮಾಡಿ ನಾನು ಕೊಂದದ್ದು ಕೊಳವೆಯಲ್ಲಿದ್ದವನ್ನಷ್ಟೋ, ತಿಳಿಯುವ ದಾರಿಯೇ ಉಳಿಯಲಿಲ್ಲ. ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ.

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಚೀಲ ಕೊಡೋಣ, ಬೇರೆ ದಾರಿ ಇಲ್ಲ. ನೀವು ಇವತ್ತಿಂದಾನೇ ಕೋಶ ಹೆಚ್ಚಿಸೋ ಇಂಜೆಕ್ಷನ್ ತಗೊಳ್ಳಿ, ಐದು ದಿನಕ್ಕೆ ಮತ್ತೆ ಕೋಶ ತೆಗೆಯೋಣ. ಅಲ್ಲೀವರೆಗೂ ನಿಮ್ಮಕ್ಕ ತಡ್ಕೋಬೇಕು. ಅವರಿಗೆ ನೀವೇ ಹೇಳಿ."

ಮಾಸ್ಕ್ ಹಾಕಿಕೊಂಡು ಅಕ್ಕನ ಹಾಸಿಗೆಯ ಪಕ್ಕ ಕೂತೆ. ಪರೀಕ್ಷೆ ಮಾಡದೆ ಶುರು ಮಾಡಿಸಿದ್ದನ್ನು ಹೇಳಿದೆ. ಎಣಿಸುವುದು ತಡವಾದದ್ದನ್ನೂ ಹೇಳಿದೆ.

"ನೀನಾ? ತಡ ಮಾಡಿದ್ದಾ?"

"ಯಾರೋ ಫೋನ್ ಮಾಡಿದ್ರು."

"ಯಾರೇ ಅದು, ಹೊತ್ತು ಗೊತ್ತು ಇಲ್ದೆ? ಸಿಗಲಿ, ಗ್ರಹಚಾರ ಬಿಡಿಸ್ತೀನಿ" ಎಂದಳು. ಆಮೇಲೆ ದಿಂಬಿನ ಪಕ್ಕದಲ್ಲಿದ್ದ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ನೀನಲ್ಲ ಎನ್ನಬೇಕಿತ್ತು. ಬೈಯಲಷ್ಟೇ ಬರುವ ಹಾಳು ಬಾಯಿ ನನ್ನದು, ಒಂದು ಸುಳ್ಳು ಹೇಳಲು ಬರಲಿಲ್ಲ.

ಆ ಚೀಲವನ್ನೂ ಕೊಟ್ಟರು, ಐದು ದಿನದ ಮೇಲೆ ಎರಡನೆಯದನ್ನೂ ಕೊಟ್ಟರು. ಮೊದಲ ಚೀಲ ಕೊಟ್ಟ ಹತ್ತೊಂಬತ್ತನೆಯ ದಿನ ಅವಳ ರಕ್ತದಲ್ಲಿ ಬಿಳಿಕಣ ಕಾಣಿಸಿತು. ಯಾವ ಚೀಲದ್ದು ಬದುಕಿತೋ ಯಾವ ಪರೀಕ್ಷೆಯೂ ಹೇಳಲಾರದು, ಎರಡೂ ನನ್ನವೇ. ಅಕ್ಕ ನನ್ನ ಮನೆಗೆ ಬಂದಳು. ಜ್ವರ ಬಂದರೆ ಒಂದು ಗಂಟೆಯೊಳಗೆ ಆಸ್ಪತ್ರೆ ಎಂದು ಅವಳ ಕೋಣೆಯ ಬಾಗಿಲಿಗೇ ಬರೆದು ಅಂಟಿಸಿದೆ.

ನಿನ್ನೆ ಸಂಜೆ ಲ್ಯಾಬಿನಿಂದ ಬಂದು ನೋಡಿದರೆ ಕಂಬಳಿ ಹೊದ್ದು ನಡುಗುತ್ತಿದ್ದಳು. ಮೈ ಕೆಂಡ. ಬೆಳಿಗ್ಗೆ ಹನ್ನೊಂದಕ್ಕೇ ಶುರುವಾಗಿತ್ತಂತೆ. ಕಾರಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟವಳು ದಾರಿಯುದ್ದಕ್ಕೂ ಬೈದೆ.

"ಬುದ್ಧಿ ಇದೆಯಾ ನಿಂಗೆ? ನಂಗೆ ಒಂದು ಫೋನ್ ಮಾಡೋಕೆ ಏನಾಗಿತ್ತು?"

"ನೀನು ಬಣ್ಣ ಹಾಕಿರ್ತೀಯೇನೋ ಅಂತ ಮಾಡ್ಲಿಲ್ಲ ಕಣೆ" ಎಂದಳು ಅಕ್ಕ.