ಪುಕ್ಕಟೆ ಬ್ಯಾಗಿನ ಭಾರ

ಬಾಲರಾಜುವಿನ ಬಾಯಿಂದ 'ಪುಕ್ಕಟೆ' ಅನ್ನುವ ಮಾತು ಯಾವ ಗಳಿಗೆಯಲ್ಲಿ ಬಿತ್ತೋ ಏನೋ, ಅವತ್ತಿಂದ ಶಶಿರೇಖಾಳ ನೆಮ್ಮದಿ ಹಾಳಾಯಿತು.

ಬಾಲರಾಜು ಅವಳ ಮೈದುನ. ಚಳ್ಳಕೆರೆಯ ಬೈಕ್ ಶೋರೂಮಿನಲ್ಲಿ ಕೆಲಸ. ಜೇಬಿನಲ್ಲಿ ವಿಮಾನ ಕಂಪನಿಯ ಹೆಸರು ಹೊತ್ತ ಒಂದು ಕ್ರೆಡಿಟ್ ಕಾರ್ಡು. ಪುಣ್ಯಾತ್ಮ ವಿಮಾನ ಹತ್ತಿದ್ದು ಒಂದೇ ಸಲ, ಅದರ ಕಥೆ ಹೇಳಿದ್ದು ನೂರು ಸಲ. ಅತ್ತಿಗೆ ದಿಲ್ಲಿಯ ಕೈಮಗ್ಗ ಮೇಳಕ್ಕೆ ಹೊರಟಿದ್ದಾಳೆ ಅಂತ ಗೊತ್ತಾದದ್ದೇ ತಡ, ಮೊಳಕಾಲ್ಮುರಿಗೆ ಫೋನು ಹಚ್ಚಿದ.

"ಅತ್ತಿಗೆ, ಹದಿನೈದು ಕೆಜಿ ಮ್ಯಾಲೆ ಒಯ್ದ್ರೆ ವಿಮಾನದೋರು ಕೆಜಿಗಿಷ್ಟು ಅಂತ ಕಿತ್ಕಂತಾರೆ. ನನ್ನ ಕಾರ್ಡ್ನಾಗೆ ಟಿಕೆಟ್ ತಗಂಡ್ರೆ ಇನ್ನೂ ಹದಿನೈದು ಕೆಜಿ ಪುಕ್ಕಟೆ. ನಾನಿದೀನಿ, ನೀವು ಸುಮ್ನಿರ್ರಿ."

ಸುಮ್ಮನಿರುವುದು ಅಷ್ಟು ಸುಲಭವೇ? ಶಶಿರೇಖಾ ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಸೀರೆ ನೇಯುತ್ತಿದ್ದಳು. ಮೈಗೊಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿಯ ಸೀರೆ. ಗಂಡ ಪಾಲಾಕ್ಷ ಒಂದು ಬದಿಗೆ, ಇವಳು ಒಂದು ಬದಿಗೆ ಕೂತರೇ ಅಂಚು ಮೈಗೆ ಕೂಡುವುದು. ಇಷ್ಟು ವರ್ಷ ನೇಯ್ದರೂ, ತನ್ನ ಸೀರೆಯನ್ನು ಒಬ್ಬ ಹೆಂಗಸು ಕೈಗೆತ್ತಿಕೊಂಡು, ಸೆರಗು ಹೆಗಲಿಗಿಟ್ಟು, ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಸಾಹುಕಾರರು ಬರುತ್ತಿದ್ದರು, ಮಡಚಿ ಒಯ್ಯುತ್ತಿದ್ದರು, ಅಲ್ಲಿಗೆ ಮುಗಿಯಿತು. ಈಗ ಮೇಳದವರು ಅವಳ ಹೆಸರಿಗೇ ಕರೆ ಕಳಿಸಿದ್ದರು. ಒಬ್ಬರ ಟಿಕೆಟ್ ಖರ್ಚು ಅವರದೇ. ಆ ಸೀರೆ ಯಾರು ಉಡುತ್ತಾರೆ ಅಂತ ಕಣ್ಣಾರೆ ನೋಡಬೇಕು, ಅಷ್ಟೇ ಅವಳ ಆಸೆ. ಅಷ್ಟಕ್ಕೇ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಇತ್ತ ಪುಕ್ಕಟೆ ಸುದ್ದಿ ಓಣಿ ತುಂಬಾ ಹಬ್ಬಿತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಎದುರುಮನೆಯ ರಾಧಮ್ಮ, ದಿಲ್ಲಿಯಲ್ಲಿ ಸೆಕ್ಯೂರಿಟಿ ಕೆಲಸದಲ್ಲಿರುವ ತಮ್ಮನಿಗೆ ಅಂತ ಸಜ್ಜೆ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ ತಂದಿಟ್ಟಳು. ರಾಂಪುರದ ನೆಂಟರೊಬ್ಬರು ಯಾರದೋ ಮಗಳಿಗೆ ಜೋಳದ ಹಿಟ್ಟು ಕಳಿಸಿದರು. ಅತ್ತೆ ತಿಪ್ಪೇರುದ್ರಮ್ಮನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟು ತಂದು ಬ್ಯಾಗಿನ ತಳಕ್ಕೆ ತುರುಕಿದರು. "ಇದನ್ನ ಬಿಚ್ಚಬ್ಯಾಡ, ಅಲ್ಲಿಗೆ ಹೋದ್ಮ್ಯಾಲೆ ಫೋನಾಗೆ ಹೇಳ್ತೀನಿ" ಅಂದರು. ಅತ್ತೆಗೂ ದಿಲ್ಲಿಯಲ್ಲಿ ನೆಂಟರು ಹುಟ್ಟಿಕೊಂಡರಲ್ಲ ಅಂತ ಶಶಿರೇಖಾ ಹಲ್ಲು ಕಚ್ಚಿಕೊಂಡಳು.

ತೂಕ ನೋಡಿ ಟಿಕೆಟ್ ಮಾಡಿಸಲು ಗಂಡ, ಹೆಂಡತಿ, ಅತ್ತೆ ಮೂವರೂ ಬ್ಯಾಗು ಹೊತ್ತು ಬಸ್ಸು ಹತ್ತಿ ಚಳ್ಳಕೆರೆಗೆ ಬಂದರು. ಬಾಲರಾಜುವಿನ ಮನೆ ಶೇಂಗಾ ಅಂಗಡಿಯೊಂದರ ಮೇಲೆ. ಅವನದೂ ಒಂದು ಸೇರಿಕೊಂಡಿತು: ಐದು ಲೀಟರಿನ ಗಾಣದೆಣ್ಣೆ ಡಬ್ಬ, ಶೋರೂಮಿನ ಸಾಹೇಬರ ಮಗನಿಗೆ. ಜಾಗ ಸಾಲದೆ ಬಂದಾಗ, "ನಾಕು ಸೀರೆ ತೆಗೀರಿ ಅತ್ತಿಗೆ, ಅಷ್ಟೂ ಎಲ್ಲಿ ಖರ್ಚಾಗ್ತಾವೆ?" ಅಂದ. ಅವಳು ತೆಗೆಯಲಿಲ್ಲ. ಮಂಡಿಯೂರಿ ಕೂತು ಜಿಪ್ಪು ಎಳೆದಳು. ಅಂಗಡಿಯವರ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮೇಲಕ್ಕೆ ತಂದು ಬ್ಯಾಗು ಇಟ್ಟರೆ ಇಪ್ಪತ್ತೇಳು ಕೆಜಿ.

"ಏನಾಗಲ್ಲ, ಕಾರ್ಡ್ ಐತೆ" ಅಂತ ಬಾಲರಾಜು ಮೊಬೈಲು ತೆಗೆದ. ಒತ್ತಿದ, ಓದಿದ, ಮತ್ತೆ ಓದಿದ. ಮುಖ ಇಂಗು ತಿಂದ ಮಂಗನಂತಾಯಿತು.

"ಏನ್ಲೇ?" ಅಂದ ಪಾಲಾಕ್ಷ.

"ಕಾರ್ಡ್ ಯಾರ್ದೈತೋ ಅವ್ರೂ ಅದೇ ಟಿಕೆಟ್ನಾಗೆ ಹೋದ್ರೆ ಮಾತ್ರ ಪುಕ್ಕಟೆಯಂತೆ ಅಣ್ಣ."

ಮೂಲೆಯಲ್ಲಿ ಕಾಲು ಚಾಚಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ ತಿಪ್ಪೇರುದ್ರಮ್ಮ ಕೇಳಿದರು, "ಆ ಕಾರ್ಡಿಗೆ ವರ್ಷಕ್ಕೆಷ್ಟು ಕಟ್ತೀಯೋ?" ಬಾಲರಾಜು ಹೇಳಿದ. "ಮೂಗಿಗಿಂತ ಮೂಗುತಿ ಭಾರ" ಅಂದು ಅವರು ಮತ್ತೆ ಮೆಲ್ಲತೊಡಗಿದರು.

ಬಾಲರಾಜು ಸುಮ್ಮನಾಗುವ ಆಸಾಮಿಯಲ್ಲ. ಕಾಲು ಮೇಲೆ ಕಾಲು ಹಾಕಿ ಕೂತ.

"ಒಂದ್ ಕೆಲ್ಸ ಮಾಡಾನ. ನಾನೇ ಹೋಗ್ಬರ್ತೀನಿ. ಟಿಕೆಟ್ ಹೆಂಗೂ ಒಬ್ರಿಗೆ. ಬ್ಯಾಗೂ ಪುಕ್ಕಟೆ ಆಗುತ್ತೆ. ಮೇಳದೋರಿಗೆ, ಅತ್ತಿಗೆಗೆ ಹುಷಾರಿಲ್ಲ ಅಂತ ಹೇಳಿದ್ರಾಯ್ತು."

ಶಶಿರೇಖಾ ಗಂಡನ ಮುಖ ನೋಡಿದಳು. ಬ್ಯಾಡ ಅನ್ನು, ಒಂದೇ ಒಂದು ಸಲ ಬ್ಯಾಡ ಅನ್ನು ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ಪಾಲಾಕ್ಷ ಕುತ್ತಿಗೆ ಕೆರೆದುಕೊಂಡ.

"ಅವನಿಗೆ ಹಿಂದೀನೂ ಬರುತ್ತೆ ಶಶಿ. ನೀನು ಊರಾಗೇ ಇದ್ರೆ ಮಗ್ಗಾನೂ ನಿಲ್ಲಲ್ಲ. ಸುಮ್ನೆ ಯಾಕೆ ದುಡ್ಡು ದಂಡ?"

ಅವಳಿಗೆ ಕೂರಲಾಗಲಿಲ್ಲ. ಎದ್ದು ಕಿಟಕಿಗೆ ಹೋದಳು. ಕೆಳಗೆ ಹಮಾಲರು ಮೂಟೆ ಇಳಿಸುತ್ತಿದ್ದರು. ಅಡಿಗೆಮನೆಗೆ ಹೋಗಿ ನೀರು ಬಗ್ಗಿಸಿಕೊಂಡಳು, ಕುಡಿಯದೆ ಇಟ್ಟು ಬಂದಳು. ಗಟ್ಟಿಮುಟ್ಟಾಗಿ ನಿಂತಿರುವವಳಿಗೆ ಹುಷಾರಿಲ್ಲವಂತೆ! ಬಾಲರಾಜು ಆಗಲೇ ಮೊಬೈಲಿನಲ್ಲಿ ತನ್ನ ಹೆಸರು ಒತ್ತುತ್ತಿದ್ದ. "ಬಿ, ಎ, ಎಲ್..." ಅಂತ ಬಾಯಲ್ಲೂ ಹೇಳಿಕೊಳ್ಳುತ್ತಿದ್ದ.

ಆ ಮೂರಕ್ಷರ ಕೇಳಿದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಬ್ಯಾಗಿನ ಮುಂದೆ ಕುಕ್ಕರಿಸಿ ಜಿಪ್ಪು ಸರ್ರನೆ ಎಳೆದಳು.

"ಇದ್ಯಾರ್ದು?" ಅಂದು ಎಣ್ಣೆ ಡಬ್ಬ ತೆಗೆದು ಬಾಲರಾಜುವಿನ ಕಾಲ ಬಳಿ ದಪ್ಪನೆ ಇಟ್ಟಳು. "ನಿನ್ನ ಸಾಹೇಬ್ರ ಮಗಂದು. ಇದ್ಯಾರ್ದು? ರಾಂಪುರದೋರ್ದು. ಈ ರೊಟ್ಟಿ, ಚಟ್ನಿಪುಡಿ ರಾಧಮ್ಮಂದು. ಊರ ಮಂದಿ ಹೊರೆ ಎಲ್ಲಾ ನನ್ ತಲೆ ಮ್ಯಾಲೆ ಹೇರಿ, ಭಾರ ಆಯ್ತು ನೀನೇ ಇಳಿ ಅಂತೀರಾ?"

"ಶಶಿ..." ಅಂದ ಪಾಲಾಕ್ಷ.

"ನೀವು ಮಾತಾಡ್ಬ್ಯಾಡ್ರಿ. ಮಾತಾಡೋವಾಗ ಮಾತಾಡ್ಲಿಲ್ಲ."

ಕೊನೆಗೆ ತಳದಲ್ಲಿದ್ದ ಅತ್ತೆಯ ಗಂಟು ಕೈಗೆ ಬಂತು. ಭಾರವಾಗಿತ್ತು. ಸಿಟ್ಟಿನ ಭರದಲ್ಲಿ ಅದನ್ನೂ ಅತ್ತೆಯ ಮುಂದೆ ಎಸೆದಳು. "ತಗಳ್ರಿ. ನಿಮ್ ನೆಂಟ್ರಿಗೆ ನೀವೇ ಕಳಿಸ್ಕಳ್ರಿ."

ಬ್ಯಾಗಿನಲ್ಲಿ ಈಗ ಉಳಿದದ್ದು ಸೀರೆಗಳು ಮತ್ತು ಅವಳ ನಾಲ್ಕು ಬಟ್ಟೆ. ಎತ್ತಿ ತಕ್ಕಡಿಗಿಟ್ಟಳು. ಹದಿನಾಲ್ಕೂವರೆ ಕೆಜಿ. ಕಾರ್ಡೂ ಬೇಡ, ಕಾರ್ಡಿನವನೂ ಬೇಡ. ಬಾಲರಾಜು ಅಂಕಿಯನ್ನೇ ನೋಡಿದ.

ತಿಪ್ಪೇರುದ್ರಮ್ಮ ಗಂಟು ಬಿಚ್ಚಿದರು. ಒಳಗಿದ್ದದ್ದು ಕರೀ ಕಂಬಳಿ, ಅಂಚಿನ ಕುಚ್ಚು ಇನ್ನೂ ಹೊಸದು.

"ನೆಂಟ್ರಿಗಲ್ಲ ಕಣೇ ಹುಚ್ಚಿ, ನಿಂಗೆ. ದಿಲ್ಲಿ ಚಳಿ ಮೂಳೆಗಿಳಿಯುತ್ತೆ ಅಂತ ಟೀವಿಯಾಗೆ ಹೇಳ್ತಿದ್ರು. ಮೊದ್ಲೇ ಹೇಳಿದ್ರೆ ಬ್ಯಾಡ ಅಂತೀಯ ಅಂತ ಹೇಳ್ಲಿಲ್ಲ."

ಶಶಿರೇಖಾಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಅತ್ತೆಯ ಕೈಯಿಂದ ಕಂಬಳಿ ತೆಗೆದುಕೊಂಡು ಬ್ಯಾಗಿನ ಮೇಲಿಟ್ಟಳು. ತಕ್ಕಡಿಯ ಅಂಕಿ ಹದಿನಾರು ದಾಟಿತು. ಹಾಗೇ ನಿಂತುಬಿಟ್ಟಳು. ಒಂದು ಸೀರೆ ತೆಗೆಯಲು ಮನಸ್ಸಿಲ್ಲ, ಕಂಬಳಿ ತೆಗೆಯಲು ಕೈ ಬರುತ್ತಿಲ್ಲ.

ಮುದುಕಿ ಗೋಡೆ ಹಿಡಿದು ಎದ್ದು ಬಂದರು. ಕಂಬಳಿ ಎತ್ತಿ, ಕೊಡವಿ, ಸೊಸೆಯ ಹೆಗಲ ಮೇಲೆ ಹೊದಿಸಿದರು.

"ಮೈಮ್ಯಾಲೆ ಇರೋದಕ್ಕೆ ಯಾವನು ತೂಕ ಹಾಕ್ತಾನೆ? ಹೊದ್ಕಂಡೇ ಹತ್ತು." ಆಮೇಲೆ ಕಿರಿಯ ಮಗನ ಕಡೆ ತಿರುಗಿದರು. "ಲೇ ಬಾಲ, ಅಳಿಸೋ ನಿನ್ನ ಹೆಸ್ರ. ನಿಂಗೇನ್ ಗೊತ್ತೈತೆ ಸೀರೆ ವಿಚಾರ?"

ಬಾಲರಾಜು ಅಳಿಸಿದ. ಪಾಲಾಕ್ಷ ತಲೆ ತಗ್ಗಿಸಿಕೊಂಡು ಎಣ್ಣೆ ಡಬ್ಬವನ್ನು ಗೋಡೆಯ ಪಕ್ಕಕ್ಕೆ ಸರಿಸಿದ.

"ಹೇಳ್ರಿ ಅತ್ತಿಗೆ, ಆಧಾರ್‌ನಾಗೆ ಹೆಂಗೈತೆ ಹೆಸ್ರು?"

ಶಶಿರೇಖಾ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಚಳ್ಳಕೆರೆಯ ಮಧ್ಯಾಹ್ನದ ಧಗೆಗೆ ಕತ್ತು, ಬೆನ್ನು ಬೆವರಿನಿಂದ ತೊಯ್ದುಹೋಗಿತ್ತು. ಆದರೂ ಟಿಕೆಟ್ಟಿನ ಮೆಸೇಜು ಬಂದು, ಅದರಲ್ಲಿ ತನ್ನ ಹೆಸರನ್ನು ತಾನೇ ಓದುವ ತನಕ ಅವಳು ಕಂಬಳಿ ತೆಗೆಯಲಿಲ್ಲ.