ಪಿಪೆಟ್ಟಿನಲ್ಲಿ ಮೇಲೇರಿದ್ದು

ಮತ್ತೆ ಕಹಿ, ನಾಲಗೆಯ ಬುಡದಲ್ಲಿ, ಉಪ್ಪುನೀರಿನಲ್ಲಿ ಎಷ್ಟು ಸಲ ಮುಕ್ಕಳಿಸಿದರೂ ಅಲ್ಲೇ, ಹಿತ್ತಲ ಕಲ್ಲಿನ ಮೇಲೆ ಉಗುಳಿದ ನೀರು ಬೆಳ್ಳಗೇ ಇದೆಯಲ್ಲ, ಹಾಗಾದರೆ ಆ ಕಂದು ರಸ ಎಲ್ಲಿ ಹೋಯಿತು, ನುಂಗಿದೆನೋ ಉಗುಳಿದೆನೋ — ಉಗುಳಿದೆ, ಲ್ಯಾಬಿನ ಸಿಂಕಿನಲ್ಲಿ ಕಣ್ಣಾರೆ ನೋಡಿದೆ, ಆದರೆ ಅದಕ್ಕೂ ಮುಂಚೆ ಗಂಟಲು ಒಮ್ಮೆ ಗುಟುಕ್ ಎಂದದ್ದು? ಛೀ. ಯಾವುದೋ ಬೀಡಿ ಕಾರ್ಖಾನೆಗೆ ಹೊಗೆಯಲ್ಲಿ ಟಾರ್ ಎಷ್ಟು ನಿಕೋಟಿನ್ ಎಷ್ಟು ತಿಳಿಯಬೇಕಂತೆ, ಬೆಳಗಿನಿಂದ ನಲವತ್ತು ಬೀಡಿ, ಗಾಜಿನ ಕೊಳವೆಗೆ ಒಂದೊಂದೇ ಸಿಕ್ಕಿಸಿ ಹಚ್ಚಿದರೆ ಬಾಟಲಿಯ ನೀರು ಇಳಿಯುತ್ತ ಹೊಗೆ ಎಳೆಯುತ್ತದೆ, ಬಿಳಿ ಸೋಸುಕಾಗದ ಹಳದಿಯಾಗಿ, ಕಂದಾಗಿ, ಕೊನೆಗೆ ಜಿಗುಟು ಜಿಗುಟು — ಅದನ್ನು ತೂಗಿ, ಸ್ಪಿರಿಟ್ಟಿನಲ್ಲಿ ತೊಳೆದು, ಆ ರಸವನ್ನು ಪಿಪೆಟ್ಟಿಗೆ, ಗೆರೆ ಹಾಕಿದ ಸಣ್ಣ ಗಾಜಿನ ನಳಿಗೆಗೆ, ಬಾಯಿಂದ ಎಳೆಯಬೇಕು, ಎಳೆಯುವ ರಬ್ಬರ್ ಬುರುಡೆ ಯುಗಾದಿಗೆ ಮುಂಚೆಯೇ ಬಿರುಕುಬಿಟ್ಟಿದೆ, ಸಾರ್ ಹೊಸದು ತರಿಸಿ ಅಂದರೆ ಜಯರಾಮಪ್ಪನವರಿಗೆ ನಗು, ಇಪ್ಪತ್ತು ವರ್ಷದಿಂದ ಬಾಯಲ್ಲೇ ಎಳೀತಿದ್ದೀನಿ ಕಣಮ್ಮ, ನಾನೇನು ಸತ್ತೋದ್ನಾ, ನಗುವ ಬಾಯಲ್ಲೂ ಸಿಗರೇಟು, ರಾಬರ್ಟ್‌ಸನ್‌ಪೇಟೆಗೆ ದೊಡ್ಡ ಕೆಮಿಸ್ಟು, ಥೂ. ಇನ್ನೊಂದು ಗೆರೆ ಮೇಲೆ, ಒಂದೇ ಗೆರೆ ಎಂದು ಎಳೆಯುವಾಗ ಕಣ್ಣು ತಪ್ಪಿತು, ರಸ ಬಾಯಿಗೇ ನುಗ್ಗಿತು, ಬಾಯಿ ತುಂಬ ನಲವತ್ತು ಗಂಡಸರ ಎಂಜಲು ಬಂದ ಹಾಗೆ.

ನನಗೀಗ ಮೂರು ತಿಂಗಳೆಂದು ಜಯರಾಮಪ್ಪನವರಿಗೆ ಹೇಳಿಲ್ಲ, ಹೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ, ಹಂಗಾಮಿ ನೌಕರಿ, ಮನೆಯಲ್ಲೂ ಹೇಳಿಲ್ಲ, ಹೋದ ಸಲ ಸಿಹಿ ಹಂಚಿದ ವಾರಕ್ಕೇ ಬಸಿರು ಇಳಿದುಹೋಯಿತಲ್ಲ, ಇದಾದರೂ ನಿಲ್ಲಲಿ ಎಂದು ಬಾಯಿ ಬಿಗಿಹಿಡಿದಿದ್ದೆ, ಅದೇ ಬಾಯಿಗೆ ನಾನೇ ವಿಷ ಎಳೆದುಕೊಂಡೆ, ಯಾರನ್ನು ಬೈಯಲಿ. ಸಂಜೆ ಮನೆಗೆ ಬರುವಾಗ ಮಾರಿಕುಪ್ಪಂ ರೈಲಿನಲ್ಲಿ ಎದುರಿನವನು ಎರಡು ದಮ್ಮು ಎಳೆದು ಪಕ್ಕದವನಿಗೆ ಕೊಟ್ಟ ಬೀಡಿ, ಅದರ ಒದ್ದೆ ತುದಿ, ಬಂಗಾರಪೇಟೆ ಬರುವವರೆಗೆ ಉಗುಳು ನುಂಗಲಿಲ್ಲ, ಕರವಸ್ತ್ರಕ್ಕೇ ಉಗುಳಿದೆ, ನೋಡಿದವರು ನೋಡಲಿ. ಯಾಕಮ್ಮೀ ರತ್ನಾ, ವಾಂತಿನಾ — ಹಿಂದೆ ಅತ್ತೆ, ಬೆನ್ನ ಮೇಲೆ ಕೈ — ನಂಗೊತ್ತು ಬುಡು, ಎಲ್ಡು ತಿಂಗ್ಳಿಂದ ನೋಡ್ತಾನೇ ಇವ್ನಿ, ನೀನೇ ಏಳ್ಲಿ ಅಂತ ಸುಮ್ಕಿದ್ದೆ, ಇಷ್ಟು ಮೆತ್ತಗೆ ಮಾತಾಡುತ್ತಾರೆ, ಅಳು ಬರುತ್ತದೆ, ತೊಗೊ, ಒಂಚೂರು ವೊಗೆಸೊಪ್ಪು ದವಡೇಗಿಟ್ಕೊ, ವಾಂತಿ ನಿಂತೋಯ್ತದೆ, ಓದ್ ಸಲಾನೂ ದಿನಾ ನಾನೇ ಕೊಡ್ತಿರ್ಲಿಲ್ವಾ. ಕೊಡುತ್ತಿದ್ದರು, ಹೌದು, ದಿನಾ ಬೆಳಿಗ್ಗೆ, ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿ, ಆಗ ನನಗೆ ಈ ಕೆಲಸವಿರಲಿಲ್ಲ, ಅದರೊಳಗೆ ಇದೇ ಕಂದು ವಿಷವಿದೆಯೆಂದು ಗೊತ್ತಿರಲಿಲ್ಲ, ಬಾಯಿ ತೆರೆಯುತ್ತಿದ್ದೆ, ದಿನಾ, ಅತ್ತೆಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ತೆರೆಯುತ್ತಿದ್ದೆ, ಸುಣ್ಣ ಮೆತ್ತಿದ ಆ ಹೆಬ್ಬೆರಳು, ಈಗಲೂ ತಿಕ್ಕುತ್ತಿದ್ದಾರೆ, ಬಾಯ್ ತೆರಿಯಮ್ಮೀ, ಹೆಬ್ಬೆರಳ ತುದಿಯಲ್ಲಿ ಕಂದು ಚೂರು, ತುಟಿಯ ಹತ್ತಿರ, ಆ ಹೆಬ್ಬೆರಳು, ದಿನಾ ಬೆಳಿಗ್ಗೆ, ಆ ಹೆಬ್ಬೆರಳು —